ಗಡಿಯೂರಿನ ಅಳಿಯ

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಆಗಸ್ಟಿನ್ ಪೊರ್ಬುಗಳ ಕಾರಿನ ಪೆಟ್ರೋಲು ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿದದ್ದನ್ನು ಕಂಡವರು ಯಾರೂ ಇಲ್ಲ. ಮನೆಯವರ ಪಾಸ್‌ಪೋರ್ಟುಗಳು ಕಪಾಟಿನಲ್ಲಿ ಇರುವುದಿಲ್ಲ, ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿದ ಚೀಲದಲ್ಲಿ ಇರುತ್ತವೆ. "ಇವರಿಗೆ ಯಾವಾಗಲೂ ಓಡ್ಲಿಕ್ಕೇ ಅರ್ಜೆಂಟು" ಎಂದು ಹೆಂಡತಿ ಎಮಿಲಿಯಾ ಬಂದ ನೆಂಟರ ಮುಂದೆ ನಗಾಡುತ್ತಾರೆ. ನಗಾಡಲಿ ಬಿಡಿ. ಒಮ್ಮೆ ಓಡಿದವರಿಗೆ ಮಾತ್ರ ಅದರ ಸಂಕಟ ಗೊತ್ತು ಮಾರಾಯ್ರೆ.

ತೊಂಬತ್ತನೇ ಇಸವಿಯಲ್ಲಿ ಪೊರ್ಬುಗಳು ಕುವೈಟಿನ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದ ಹುಡುಗ. ಬೆಳಿಗ್ಗೆ ಎದ್ದು ಅಂಗಡಿ ತೆರೆಯಲು ಹೊರಟರೆ ರಸ್ತೆಯಲ್ಲಿ ಇರಾಕಿನ ಟ್ಯಾಂಕುಗಳು. ಪಕ್ಕದ ದೇಶ ರಾತ್ರಿ ಬೆಳಗಾಗುವುದರೊಳಗೆ ಬಂದು ಇಡೀ ಕುವೈಟನ್ನು ನುಂಗಿಬಿಟ್ಟಿತ್ತು. ಆಮೇಲೆ ಬಸ್ಸು, ಲಾರಿ, ನಡಿಗೆ, ಮರಳುಗಾಡಿನ ಕ್ಯಾಂಪು, ನೀರಿಗೆ ಕ್ಯೂ, ಜೋರ್ಡಾನಿನಿಂದ ಬೊಂಬಾಯಿಗೆ ವಿಮಾನ. ಬಜ್ಪೆಯ ಮನೆ ಮುಟ್ಟುವಾಗ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮೈಮೇಲಿದ್ದ ಅಂಗಿ ಯಾರದ್ದೋ. ತಾಯಿ ಗುರುತು ಹಿಡಿಯದೆ "ಯಾರು ಬೇಕಿತ್ತು?" ಎಂದು ಕೇಳಿದರಂತೆ.

ಎರಡು ವರ್ಷ ಬಿಟ್ಟು ಅಬುಧಾಬಿಗೆ ಬಂದವರು ಈಗ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯ ಸೂಪರ್‌ವೈಸರ್. ಕುವೈಟಿನಿಂದ ಕಲಿತ ಪಾಠ ಒಂದೇ: ಯಾರ ತಂಟೆಗೂ ಹೋಗಬಾರದು, ಯಾರ ಪಕ್ಷಕ್ಕೂ ಸೇರಬಾರದು. ಇಲ್ಲಿಯ ಕೊಂಕಣಿ ಸಂಘ ಜಗಳವಾಗಿ ಎರಡಾದಾಗ ಎರಡು ಕಡೆಯವರೂ ಮನೆಗೆ ಬಂದರು. ಪೊರ್ಬುಗಳು ಎಲ್ಲರಿಗೂ ಚಹಾ ಕೊಟ್ಟು ಕಳಿಸಿದರು, ಯಾವುದಕ್ಕೂ ಮೆಂಬರ್ ಆಗಲಿಲ್ಲ. ಕ್ರಿಸ್ಮಸ್ಸಿಗೆ ಎರಡೂ ಕಡೆಯಿಂದ ಕುಸ್ವಾರ್ ತಿಂಡಿ ಬರುತ್ತದೆ. ಬುದ್ಧಿವಂತಿಕೆ ಅಲ್ವಾ?

ಹಾಗಾಗಿ ಮಗಳು ಜೆಸ್ಸಿಕಾ ನರ್ಸಿಂಗ್ ಮುಗಿಸಿ ಫಿನ್‌ಲ್ಯಾಂಡಿನ ಕೆಲಸಕ್ಕೆ ಹೊರಟಾಗ ಅವರಿಗೆ ಆದ ಖುಷಿ ಅಷ್ಟಿಷ್ಟಲ್ಲ. "ಅದು ಯಾವ ಪಕ್ಷಕ್ಕೂ ಸೇರದ ದೇಶ, ನಮ್ಮ ಹಾಗೆ" ಎಂದು ಹೋಟೆಲಿನಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಾಡಿದರು. ಬಗಲಿಗೇ ಅಷ್ಟು ದೊಡ್ಡ ರಷ್ಯಾ ಇದ್ದರೂ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ತಲೆಮಾರುಗಟ್ಟಲೆ ಸುಧಾರಿಸಿಕೊಂಡು ಬಂದವರು ಅಲ್ಲಿಯವರು. ಅಂಥ ಊರಿನಲ್ಲಿ ಮಗಳು ಇದ್ದರೆ ಅಪ್ಪನಿಗೆ ನಿದ್ದೆ ಬರುತ್ತದೆ.

ಮರುವರ್ಷವೇ ರಷ್ಯಾ ಉಕ್ರೇನಿನ ಮೇಲೆ ಬಿತ್ತು. ಅದನ್ನು ನೋಡಿ ಫಿನ್‌ಲ್ಯಾಂಡಿನವರು ಇನ್ನು ಒಂಟಿಯಾಗಿ ಇರುವುದು ಬೇಡ ಎಂದು ಅಮೆರಿಕ, ಯುರೋಪಿನವರ ನ್ಯಾಟೊ ಎಂಬ ಮಿಲಿಟರಿ ಕೂಟಕ್ಕೆ ಸೇರಿಬಿಟ್ಟರು. ಸೇರಿದ ವರ್ಷವೇ ಚಳಿ ಶುರುವಾಗುವಾಗ ರಷ್ಯಾದ ಗಡಿಯ ಗೇಟುಗಳನ್ನೂ ಮುಚ್ಚಿದರು. ಪೊರ್ಬುಗಳಿಗೆ ಈ ಸುದ್ದಿಯೇ ಅರಗಿರಲಿಲ್ಲ, ಅಷ್ಟರಲ್ಲಿ ಮಗಳ ಫೋನು ಬಂತು. ಮದುವೆ ಆಗುತ್ತಾಳಂತೆ. ಹುಡುಗನ ಹೆಸರು ಯೂಸೊ, ಆಂಬುಲೆನ್ಸಿನಲ್ಲಿ ಕೆಲಸ, ಊರು ಇಮಾತ್ರಾ. ಫೋನಿನ ಮ್ಯಾಪಿನಲ್ಲಿ ಊರು ಹುಡುಕಿದರೆ ಅದರ ಮಗ್ಗುಲಲ್ಲೇ ದಪ್ಪದೊಂದು ಗೆರೆ, ಗೆರೆಯ ಆಚೆ ರಷ್ಯಾ.

ಸುಮ್ಮನೆ ಕೂರುವ ಜನ ಅಲ್ಲ ಪೊರ್ಬುಗಳು. ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿರುವ ಬೆಟ್ಟಿ ಬಾಯಿಯವರನ್ನು ಹಿಡಿದು ಮಗಳಿಗೊಂದು ಕೆಲಸ ಗೊತ್ತು ಮಾಡಿಸಿದರು. ಅಳಿಯನಿಗೂ ಏನಾದರೂ ನೋಡುವ ಎಂದು ಹೇಳಿಸಿಕೊಂಡರು. ಆಮೇಲೆ ಮಗಳಿಗೆ ಫೋನು ಮಾಡಿದರು.

"ಎಲ್ಲ ಮಾತಾಡಿ ಇಟ್ಟಿದ್ದೇನೆ ಮಗಾ. ಮದುವೆ ಆದದ್ದೇ ಇಬ್ಬರೂ ಇಲ್ಲಿಗೆ ಬನ್ನಿ. ಅಲ್ಲಿಯದ್ದು ಕ್ಯಾನ್ಸಲ್ ಮಾಡ್ಲಿಕ್ಕೆ ಹೇಳು ಅವನಿಗೆ."

"ಏನು ಕ್ಯಾನ್ಸಲ್ ಮಾಡುದು ಡ್ಯಾಡಿ?"

"ವೀಸಾ, ಮತ್ತೆಂತ?"

"ಡ್ಯಾಡಿ, ಅವನಿಗೆ ಇಲ್ಲಿ ವೀಸಾನೇ ಇಲ್ಲ. ಇದು ಅವನ ಊರು."

ಇದು ಗಲ್ಫಿನಲ್ಲಿ ಹಣ್ಣಾದ ನಮ್ಮವರು ಮಾತ್ರ ಮಾಡುವ ತಪ್ಪು. ನಮಗೆ ದೇಶ ಎಂದರೆ ವೀಸಾ ಹೊಡೆಸಿ ಬರುವಂಥದ್ದು, ಕ್ಯಾನ್ಸಲ್ ಮಾಡಿ ಹೋಗುವಂಥದ್ದು. ಗಲಾಟೆ ಆಯಿತೋ, ಖಲಾಸ್, ಪೆಟ್ಟಿಗೆ ಕಟ್ಟು. ಅಲ್ಲೇ ಹುಟ್ಟಿ ಅಲ್ಲೇ ಇರುವವರ ಲೆಕ್ಕ ನಮ್ಮ ತಲೆಗೆ ಹೋಗುವುದಿಲ್ಲ. ಪೊರ್ಬುಗಳಿಗೂ ಹೋಗಲಿಲ್ಲ. "ಊರಾದರೆ ಎಂತ? ನಾನು ಬಜ್ಪೆ ಬಿಟ್ಟು ಬರಲಿಲ್ವಾ?" ಎಂದು ರೇಗಿದರು. ಮಗಳೂ ಅಪ್ಪನದ್ದೇ ಹಟ, "ನಾವು ಇಮಾತ್ರಾದಲ್ಲೇ ಇರುದು" ಎಂದಳು. ಆಗ ಅವರ ಬಾಯಿಂದ ಆ ಮಾತು ಬಂದುಬಿಟ್ಟಿತು:

"ಹಾಗಾದರೆ ನಿನ್ನ ರೋಸಿಗೆ ನನ್ನ ಕೈ ಇಲ್ಲ."

ರೋಸ್ ಎಂದರೆ ನಮ್ಮ ಕ್ರಿಶ್ಚಿಯನರ ಮದುವೆಯ ಮುಂಚಿನ ದಿನ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚಿ ಆಶೀರ್ವಾದ ಮಾಡುವ ಶಾಸ್ತ್ರ, ಆ ಹಾಲಿಗೂ ಅದೇ ಹೆಸರು. ಹೆತ್ತವರ ಕೈ ಮೊದಲು ಬೀಳಬೇಕು. ಅಪ್ಪ ಬದುಕಿದ್ದೂ ಅವನ ಕೈ ಬೀಳಲಿಲ್ಲ ಎಂದರೆ ಆ ಹುಡುಗಿ ಆಶೀರ್ವಾದ ಇಲ್ಲದೆ ಇಗರ್ಜಿಯ ಮೆಟ್ಟಿಲು ಹತ್ತಿದ ಹಾಗೆ. ಎಮಿಲಿಯಾ ಬಾಯಿ ಫೋನು ಕಸಿದುಕೊಂಡು "ನಾಲಿಗೆಗೆ ಎಲುಬಿಲ್ಲ ಅಂತ ಎಂತ ಬೇಕಾದರೂ ಹೇಳುದಾ?" ಎಂದು ಗಂಡನಿಗೆ ಬೈದರು. ಆದರೆ ಆಡಿದ್ದು ಆಡಿ ಆಗಿತ್ತು.

ಮದುವೆ ಬಜ್ಪೆಯಲ್ಲಿ ಎಂದಿತ್ತು, ದುಬೈಗೆ ಬದಲಾಯಿತು. ಅದಕ್ಕೂ ಕಾರಣ ಗಡಿಯೇ. ಯೂಸೊನ ತಾಯಿ ಲ್ಯುದ್ಮಿಲಾ ರಷ್ಯಾದ ಹೆಣ್ಣು, ಗಡಿ ದಾಟಿ ಫಿನ್‌ಲ್ಯಾಂಡಿಗೆ ಮದುವೆಯಾಗಿ ಬಂದವರು, ಗಂಡ ಈಗ ಇಲ್ಲ. ಅಜ್ಜಿ ತಮಾರಾ ಈಗಲೂ ಗಡಿಯ ಆಚೆ, ಇಮಾತ್ರಾಕ್ಕೆ ಎದುರಿನ ಊರಿನಲ್ಲಿ ಒಬ್ಬರೇ ಇದ್ದಾರೆ. ಮೊದಲು ಬಸ್ಸು ಹತ್ತಿ ಮಗಳ ಮನೆಗೆ ಬಂದು ಊಟ ಮಾಡಿ ಸಂಜೆಗೆ ವಾಪಸು ಹೋಗುತ್ತಿದ್ದರಂತೆ. ಗೇಟು ಮುಚ್ಚಿದ ಮೇಲೆ ಮುಖವೇ ನೋಡಿಲ್ಲ. ಎರಡು ಕಡೆಯವರೂ ಸುಲಭವಾಗಿ ಬಂದಿಳಿಯಬಹುದಾದ ಜಾಗ ದುಬೈ. ಯೂಸೊ ಕೇಳಿಕೊಂಡ, ಪೊರ್ಬುಗಳು ಆಗಲಿ ಎಂದರು. ಅವರ ಮನಸ್ಸಿನಲ್ಲಿ ಬೇರೆಯೇ ಲೆಕ್ಕ ಇತ್ತು. ರಷ್ಯಾದ ಅಜ್ಜಿ ಬರುತ್ತಾರೆ, ಆ ಕಡೆಯ ಹೂರಣ ಅವರಿಗೆ ಗೊತ್ತಿರುತ್ತದೆ, ಮೊಮ್ಮಗನಿಗೆ ಅಲ್ಲಿಂದ ಏಳು ಎಂದು ಹೇಳಿದರೆ ಅವರೇ ಹೇಳಬೇಕು. ಅಜ್ಜಿಯ ಮಾತು ಹುಡುಗ ತೆಗೆದುಹಾಕಲಾರ.

ಹುಡುಗನ ಸೂಟು ಹೊಲಿಸಲಿಕ್ಕೆ ಪೊರ್ಬುಗಳು ದುಬೈಯ ಸತ್ವಾದಲ್ಲಿರುವ ಮೂಸಬ್ಬರ ಟೈಲರ್ ಅಂಗಡಿಗೆ ಹೋದರು. ಮೂಸಬ್ಬ ಫರಂಗಿಪೇಟೆಯ ಬ್ಯಾರಿ, ಪೊರ್ಬುಗಳ ಹಳೇ ದೋಸ್ತಿ. ಮಗಳು ಕಳಿಸಿದ ಅಳತೆ ನೋಡಿ ಮೂಸಬ್ಬರು ಹುಬ್ಬೇರಿಸಿದರು.

"ಅಲ್ಲಾ ಪೊರ್ಬುಗಳೇ, ಈ ಯೂಸುಫ್ ಮನುಷ್ಯನಾ, ತೆಂಗಿನ ಮರನಾ?"

"ಯೂಸುಫ್ ಅಲ್ಲ ಮೂಸಾಕ, ಯೂಸೊ."

"ನನಗೆ ಯೂಸುಫೇ. ಮುಖ ಯಾಕೆ ಹೀಗೆ ಹಾಕಿಕೊಂಡಿದ್ದೀರಿ? ಸಿಟ್ಟು ಹುಡುಗನ ಮೇಲಾ, ಆ ನ್ಯಾಟೊ ಮೇಲಾ?"

"ಎರಡರ ಮೇಲೂ. ಅಷ್ಟು ಕಾಲ ಮರ್ಯಾದೆಯಲ್ಲಿ ತಟಸ್ಥ ಇದ್ದವರಿಗೆ ಈಗ ಯಾಕೆ ಬೇಕಿತ್ತು ಈ ಉಸಾಬರಿ?"

ಮೂಸಬ್ಬರು ಟೇಪನ್ನು ಕುತ್ತಿಗೆಗೆ ಹಾಕಿಕೊಂಡರು. "ಪಕ್ಕದ ಮನೆಯವ ಇನ್ನೊಬ್ಬರ ಕಂಪೌಂಡ್ ಒಡೆದು ನುಗ್ಗಿದ್ದನ್ನು ಕಣ್ಣಾರೆ ನೋಡಿದ ಮೇಲೆ ನೀವು ಬಾಗಿಲು ತೆರೆದಿಟ್ಟು ಮಲಗ್ತೀರಾ? ಅವರೂ ನಾಲ್ಕು ಜನ ಜೊತೆ ಮಾಡಿಕೊಂಡರು. ತಪ್ಪೆಂತ?"

"ನಾಲ್ಕು ಜನ ದೊಣ್ಣೆ ಹಿಡಿದು ನನ್ನ ಅಂಗಳದಲ್ಲಿ ನಿಂತರೆ ಆಚೆಯವ ಎಂಟು ಜನರನ್ನು ನಿಲ್ಲಿಸ್ತಾನೆ. ಮತ್ತೆ ಬೇಲಿ ಹತ್ತಿರ ಮಗು ಕೆಮ್ಮಿದರೂ ದೊಣ್ಣೆ ಎತ್ತುವುದೇ. ನನ್ನ ಮಗಳು ಆ ಬೇಲಿ ಹತ್ತಿರ ಇರುದು ಮೂಸಾಕ!"

"ಇಲ್ಲಿ ಭಾರೀ ಸುಖವಾ? ನಮ್ಮ ಅಬುಧಾಬಿ ಮೇಲೆಯೂ ಡ್ರೋನು ಬಂದು ಬೀಳಲಿಲ್ವಾ? ಸತ್ತವರಲ್ಲಿ ನಮ್ಮ ದೇಶದವರೂ ಇದ್ದರು. ನೀವು ಮರುದಿನ ಡ್ಯೂಟಿಗೆ ಹೋದ್ರಿ, ನಾನು ಅಂಗಡಿ ತೆರೆದೆ. ಮತ್ತೆ ಕುವೈಟಿನದ್ದೇ ತೆಗೆದುಕೊಳ್ಳಿ. ಮೊದಲೇ ಜೊತೆಗೆ ಜನ ನಿಂತಿದ್ದರೆ ಆ ಟ್ಯಾಂಕು ಒಳಗೆ ಬರ್ತಿತ್ತಾ? ಕೊನೆಗೆ ಬಿಡಿಸಿದ್ದು ಯಾರು? ಹತ್ತಾರು ದೇಶ ಒಟ್ಟು ಸೇರಿಯೇ ಅಲ್ವಾ?"

"ಸೇರಿದ್ದು ಹೌದು" ಎಂದರು ಪೊರ್ಬುಗಳು. "ನಾನು ಬರಿಗಾಲಲ್ಲಿ ಬಜ್ಪೆ ಮುಟ್ಟಿದ ಮೇಲೆ."

ಮೂಸಬ್ಬರು ಸೂಟಿನ ಬಟ್ಟೆ ಬಿಚ್ಚಿ ಸೀಮೆಸುಣ್ಣದ ಗೆರೆ ಎಳೆಯತೊಡಗಿದರು. ಪೊರ್ಬುಗಳು ಹೊರಡುವಾಗ ಮಾತ್ರ, "ಆದರೂ ಹೆಣ್ಣುಮಗಳ ತಲೆಗೆ ಕೈ ಇಡುದಿಲ್ಲ ಅಂತ ಹಟ ಮಾಡ್ಬೇಡಿ, ಅಲ್ಲಾಹು ಮೆಚ್ಚುದಿಲ್ಲ" ಎಂದರು.

ಮದುವೆಯ ವಾರ ತಾಯಿ-ಮಗ ಫಿನ್‌ಲ್ಯಾಂಡಿನಿಂದ ಬಂದಿಳಿದರು, ಜೊತೆಗೆ ಜೆಸ್ಸಿಕಾ. ಅಜ್ಜಿಯ ವಿಮಾನ ರಷ್ಯಾದಿಂದ ಮಧ್ಯಾಹ್ನಕ್ಕೆ. ಪೊರ್ಬುಗಳು ಅವರನ್ನೆಲ್ಲ ಕಾರಿನಲ್ಲಿ ಕರೆತರಲು ದುಬೈ ವಿಮಾನ ನಿಲ್ದಾಣದಲ್ಲೇ ಕಾದು ನಿಂತಿದ್ದರು. ಅಜ್ಜಿ ತಲೆಗೆ ಬಟ್ಟೆ ಕಟ್ಟಿಕೊಂಡು, ಆ ಬಿಸಿಲಲ್ಲೂ ದಪ್ಪ ಕೋಟು ಹಾಕಿಕೊಂಡು ಹೊರಗೆ ಬಂದರು. ಲ್ಯುದ್ಮಿಲಾ ಓಡಿಹೋಗಿ ತಬ್ಬಿಕೊಂಡರು. ಅಜ್ಜಿ ಮಗಳ ಕೆನ್ನೆ ಹಿಡಿದು ತಿರುಗಿಸಿ ನೋಡಿ ಜೋರಾಗಿ ಬೈಯತೊಡಗಿದರು. "ಸಪೂರ ಆಗಿದ್ದೀ ಅಂತ ಬೈತಿದ್ದಾರೆ" ಎಂದು ಯೂಸೊನನ್ನು ಕೇಳಿ ಹೇಳಿದಳು ಜೆಸ್ಸಿಕಾ. ಬೈದು ಬೈದು ಆದ ಮೇಲೆ ಅಜ್ಜಿ ಅಳಲಿಕ್ಕೆ ಶುರು ಮಾಡಿದರು. ಪೊರ್ಬುಗಳು ಟ್ರಾಲಿ ಸರಿಪಡಿಸುವ ನೆವ ಮಾಡಿ ಆಚೆ ತಿರುಗಿದರು. ಅವರ ತಾಯಿಯೂ ಬಜ್ಪೆಯಲ್ಲಿ ಗುರುತು ಸಿಕ್ಕಿದ ಮೇಲೆ ಮೊದಲು ಬೈದದ್ದೇ.

ಕಾರಿನಲ್ಲಿ ಯೂಸೊ ಮುಂದೆ ಕೂತಿದ್ದ. ಮಾತು ಕಡಿಮೆ ಹುಡುಗ, ಕೇಳಿದ್ದಕ್ಕೆ ಮಾತ್ರ ಇಂಗ್ಲಿಷಿನಲ್ಲಿ ಉತ್ತರ. ಪೊರ್ಬುಗಳಿಗೆ ತಡೆಯಲಿಲ್ಲ. "ನ್ಯಾಟೊಗೆ ಸೇರಿ ನಿಮಗೆ ಎಂತ ಸಿಕ್ಕಿತು ಮಾರಾಯ?" ಎಂದು ಕೇಳಿಯೇಬಿಟ್ಟರು.

"ನಮ್ಮ ಮೇಲೆ ಬರುವವರು ಈಗ ಹತ್ತು ಸಲ ಯೋಚಿಸ್ತಾರೆ" ಎಂದ ಹುಡುಗ. "ಅದು ನಿಜ, ನಾನೂ ಬೇಕು ಅಂದವನೇ. ಮಿಲಿಟರಿಯವರು ಕರೆದರೆ ತರಬೇತಿಗೆ ಹೋಗ್ತೇನೆ. ಆದರೆ ಗಡಿಗೆ ಬೇಲಿ ಬರ್ತಾ ಉಂಟು, ನಮ್ಮೂರಿನ ಅಂಗಡಿಗಳಿಗೆ ಆಚೆಯವರ ವ್ಯಾಪಾರ ನಿಂತಿದೆ. ನಮ್ಮ ಕಿಟಕಿಯಿಂದ ಅಜ್ಜಿಯ ಊರಿನ ಕಾರ್ಖಾನೆಯ ಹೊಗೆ ಕಾಣುತ್ತದೆ. ಅಜ್ಜಿಯನ್ನು ನೋಡ್ಲಿಕ್ಕೆ ಮಾತ್ರ ದುಬೈಗೆ ಬರಬೇಕು."

ಎರಡೂ ನಿಜ ಎನ್ನುವ ಹುಡುಗನ ಹತ್ತಿರ ಜಗಳ ಮಾಡುವುದು ಹೇಗೆ? ಪೊರ್ಬುಗಳು ಗಾಡಿಯನ್ನು ಪೆಟ್ರೋಲು ಬಂಕಿಗೆ ತಿರುಗಿಸಿದರು.

ದುಬೈಯ ಅಲ್ ಬರ್ಷಾದಲ್ಲಿ ಹುಡುಗನ ಕಡೆಯವರಿಗೆಂದು ಒಂದು ಫ್ಲಾಟ್ ಹಿಡಿದಿದ್ದರು. ರೋಸ್ ಅದೇ ಕಟ್ಟಡದ ಕೆಳಗಿನ ಹಾಲ್‌ನಲ್ಲಿ, ಸಂಜೆಗೆ. ರೋಸಿನ ದಿನ ಬೆಳಿಗ್ಗೆ ಪೊರ್ಬುಗಳು ಅಡುಗೆ ಮನೆಗೆ ಇಣುಕಿದಾಗ ಅಜ್ಜಿ ತಮಾರಾ ತೋಳು ಮೇಲೆ ಮಾಡಿಕೊಂಡು, ಮಿಕ್ಸಿಯಲ್ಲಿ ಅರೆದ ತೆಂಗಿನಕಾಯಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತಿದ್ದರು. ಎಮಿಲಿಯಾ ಬಾಯಿ ಕೈಸನ್ನೆಯಲ್ಲೇ ಕಲಿಸಿಕೊಟ್ಟು ಹೂವು ತರಲು ಹೋಗಿದ್ದರು. ಜೆಸ್ಸಿಕಾ, ಲ್ಯುದ್ಮಿಲಾ ಬ್ಯೂಟಿ ಪಾರ್ಲರಿನಲ್ಲಿ. ಪಾತ್ರೆ ಹಿಡಿದು ನಿಂತದ್ದು ಯೂಸೊ ಒಬ್ಬನೇ.

ಇದೇ ಸಮಯ ಎನಿಸಿತು ಪೊರ್ಬುಗಳಿಗೆ. ಆದರೆ ಅಜ್ಜಿಗೆ ರಷ್ಯನ್ ಬಿಟ್ಟು ಬೇರೆ ಮಾತು ಬಾರದು. ಹುಡುಗನ ವಿರುದ್ಧ ಹೇಳುವ ಮಾತನ್ನು ಹುಡುಗನ ಬಾಯಿಂದಲೇ ಹೇಳಿಸಬೇಕು! ಎಂಥ ಗ್ರಹಚಾರ ನೋಡಿ. ಆದರೂ ಬಿಡಲಿಲ್ಲ.

"ಯೂಸೊ, ನಾನು ಹೇಳುದನ್ನು ಒಂದೂ ಬಿಡದೆ ಅಜ್ಜಿಗೆ ಹೇಳ್ತೀಯಾ?"

"ಹೇಳ್ತೇನೆ."

ಪೊರ್ಬುಗಳು ಬಾಗಿಲಿಗೆ ಒರಗಿ ನಿಂತರು. "ಅಮ್ಮಾ, ನಾನು ಕುವೈಟಿನಲ್ಲಿದ್ದೆ. ಪಕ್ಕದವರು ನುಗ್ಗಿದಾಗ ಏನಾಗ್ತದೆ ಅಂತ ಕಂಡಿದ್ದೇನೆ. ಜೀವ ಉಳಿದದ್ದು ಓಡಿದ್ದರಿಂದ. ನನಗೆ ಇರುವುದು ಒಬ್ಬಳೇ ಮಗಳು. ನಿಮ್ಮ ಮೊಮ್ಮಗ ಅವಳನ್ನು ಗಡಿಗೆ ಕರಕೊಂಡು ಹೋಗ್ತಾನೆ. ಇಲ್ಲಿ ಕೆಲಸ ಉಂಟು, ಮನೆ ಉಂಟು, ನೀವೂ ಬಂದು ನೋಡಬಹುದು. ಅಲ್ಲಿಂದ ಏಳು ಅಂತ ನೀವು ಒಂದು ಮಾತು ಹೇಳಿ. ನಿಮ್ಮ ಕಾಲು ಬೇಕಾದರೂ ಹಿಡೀತೇನೆ."

ಯೂಸೊನ ಮುಖ ಕೆಂಪಾಯಿತು. ಆದರೂ ಒಂದೊಂದೇ ವಾಕ್ಯ ತೂಗಿ ಹೇಳಿದ. ಕಾಲು ಹಿಡಿಯುವ ಮಾತನ್ನೂ ಬಿಡಲಿಲ್ಲ ಎಂದು ಗೊತ್ತಾದದ್ದು ಅಜ್ಜಿ ತಮ್ಮ ಪಾದ ನೋಡಿಕೊಂಡು ಹಿಂದೆ ಎಳೆದುಕೊಂಡಾಗ. ಅವರು ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಏನೋ ಕೇಳಿದರು.

"ನೀವು ಓಡಿ ಬಂದಿರಿ. ಅಲ್ಲಿ ಉಳಿದವರು ಯಾರು ಅಂತ ಕೇಳ್ತಿದ್ದಾರೆ."

"ಉಳಿದವರು?" ಪೊರ್ಬುಗಳು ತಡವರಿಸಿದರು. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಎಲ್ಲರೂ ಕೇಳಿದ್ದು ಹೇಗೆ ಬಂದಿರಿ ಎಂದು. "ಲಾಂಡ್ರಿಯ ಎದುರಿಗೆ ಒಂದು ಮನೆ ಇತ್ತು. ಉಮ್ಮ್ ಫಹದ್ ಅಂತ, ಕುವೈಟಿ ಹೆಂಗಸು. ನಾವು ಹೊರಡುವಾಗ ಅವರೇ ಬಂದು ರೊಟ್ಟಿ, ಖರ್ಜೂರ, ನೀರಿನ ಕ್ಯಾನು ಕೊಟ್ಟರು. ನೀವೂ ಬನ್ನಿ ಅಮ್ಮಾ ಅಂದೆ ನಾನು, ಹುಡುಗು ಬುದ್ಧಿ. ಅವರು ನಕ್ಕುಬಿಟ್ಟರು. ಎಲ್ಲಿಗೆ ಬರುದು ಅಂದರು."

"ಮತ್ತೆ?" ಎಂದು ಕೇಳಿದ ಯೂಸೊ.

"ಮತ್ತೆಂತ? ಅವರು ಅಲ್ಲೇ ಉಳಿದರು. ಅದು ಅವರ ಊರಲ್ವಾ, ಅವರು ಎಲ್ಲಿಗೆ..."

ಮಗಳು ಫೋನಿನಲ್ಲಿ ಹೇಳಿದ್ದೂ ಇದೇ ಮಾತು. ಯೂಸೊ ಅದನ್ನು ರಷ್ಯನ್ನಿಗೆ ಮಾಡಲಿಲ್ಲ, ನೆಲ ನೋಡಿದ. ಅಜ್ಜಿ ಮೊಣಕೈಯಿಂದ ತಿವಿದ ಮೇಲೆ ಹೇಳಿದ. ಅಜ್ಜಿ ತಲೆಯಾಡಿಸಿದರು. ಗೆದ್ದವರ ಹಾಗೆ ಅಲ್ಲ, ಪಾಪ ಎನ್ನುವ ಹಾಗೆ.

ಆಮೇಲೆ ಅವರು ತುಂಬ ಹೊತ್ತು ಮಾತಾಡಿದರು, ಮಧ್ಯೆ ಮಧ್ಯೆ ಮೊಮ್ಮಗನಿಗೂ ಗದರಿಸಿಕೊಂಡು. ಹುಡುಗ ನಗುತ್ತ, ಕಣ್ಣು ಒರೆಸಿಕೊಳ್ಳುತ್ತ ಹೇಳಿದ:

"ಅಜ್ಜಿಗೆ ನಾವು ನ್ಯಾಟೊಗೆ ಸೇರಿದ್ದು ಇಷ್ಟ ಇಲ್ಲ. ನಾವು ಅವರ ಮೇಲೆ ಬರ್ತೇವೆ ಅಂತ ಅಲ್ಲಿಯ ಟೀವಿ ದಿನಾ ಹೇಳ್ತದಂತೆ. ನನ್ನನ್ನು ಫೋನಿನಲ್ಲಿ ಬೈದರು. ನಾನು ನಿಮ್ಮವರು ಉಕ್ರೇನಿಗೆ ಮಾಡಿದ್ದು ಎಂತ ಅಂತ ಬೈದೆ. ಎಷ್ಟೋ ಸಮಯ ಮಾತು ಬಿಟ್ಟಿದ್ದೆವು. ಆ ಜಗಳ ಇನ್ನೂ ಮುಗಿದಿಲ್ಲ. ಆದರೆ ಟೀವಿ ಹಾಗೆ ಹೇಳಿದಾಗ ಅಕ್ಕಪಕ್ಕದವರಿಗೆ ಇವರು ಹೇಳ್ತಾರಂತೆ, ಆಚೆ ಇರುವುದು ನನ್ನ ಯೂಸೊ, ಅವನು ಆಂಬುಲೆನ್ಸ್ ಓಡಿಸ್ತಾನೆ ಅಂತ. ನಾನು ಅಲ್ಲಿಂದ ಎದ್ದು ಬಂದರೆ ಮತ್ತೆ ಯಾರಿದ್ದಾರೆ ಅಂತ ಹೇಳುದು ಅಂತ ಕೇಳ್ತಿದ್ದಾರೆ. ಗೇಟು ತೆರೆದ ದಿನ ಮೊದಲ ಬಸ್ಸಿಗೇ ಬಂದು ನನ್ನ ಕಿವಿ ಹಿಂಡ್ಲಿಕ್ಕುಂಟಂತೆ. ಆಗ ನಾನು ಮನೆಯಲ್ಲಿ ಇರಬೇಕಂತೆ."

ಇಷ್ಟು ದಿನ ಮ್ಯಾಪಿನ ಆ ಗೆರೆಯ ಆಚೆ ಪೊರ್ಬುಗಳಿಗೆ ಬರೀ ಟ್ಯಾಂಕು ಕಾಣುತ್ತಿತ್ತು. ಈಗ ಅಲ್ಲಿ ಈ ಮುದುಕಿಯೂ ಇದ್ದರು, ಟೀವಿಯ ಎದುರು ಕೂತು, ಮೊಮ್ಮಗನಿಗೆ ಬೈದುಕೊಂಡು. ಭಯ ಹೋಗಲಿಲ್ಲ. ಹೋಗುವುದು ಹೇಗೆ? ಟ್ಯಾಂಕು ಟ್ಯಾಂಕೇ. ಅವರು ಕೈ ತೊಳೆದು ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿದರು. ಲಾಂಡ್ರಿಯ ಕೈ, ಒಂದೇ ಹಿಂಡಿಗೆ ಹಾಲೆಲ್ಲ ಇಳಿಯಿತು. ಅಜ್ಜಿ ಮೆಚ್ಚಿ ಬೆನ್ನು ತಟ್ಟಿದರು.

ಸಂಜೆ ಹಾಲ್ ತುಂಬ ಜನ. ಎರಡೂ ಸಂಘದವರು ಎರಡು ಮೂಲೆಯಲ್ಲಿ ಕೂತಿದ್ದರು. ಮೂಸಬ್ಬರು ಬೀವಿ ನಫೀಸರ ಜೊತೆ ಬಂದು ಮುಂದಿನ ಸಾಲಿನಲ್ಲೇ ಕೂತು, ನಾಳೆಯ ಸೂಟಿನ ಅಳತೆ ಸರಿಬಂದೀತಾ ಎಂದು ಹುಡುಗನನ್ನು ದುರುಗುಟ್ಟಿ ನೋಡುತ್ತಿದ್ದರು. ಜೆಸ್ಸಿಕಾ ಮಣೆಯ ಮೇಲೆ ಕೂತಿದ್ದಳು. ಹೆಂಗಸರು ಮದುವೆಯ ವೊವಿಯೊ ಹಾಡು ಎತ್ತಿಕೊಂಡರು. ಎಮಿಲಿಯಾ ಬಾಯಿ ಮಗಳ ಹಣೆಗೆ ರೋಸಿನ ಶಿಲುಬೆ ಹಾಕಿ, ತಲೆಗೆ ಹಚ್ಚಿ, ಬದಿಗೆ ಸರಿದು ಗಂಡನ ಮುಖ ನೋಡಿದರು. ಹಾಡು ತಾನಾಗಿಯೇ ತಗ್ಗಿತು. ಪೊರ್ಬುಗಳ ಹಟ ಅಷ್ಟೂ ಜನಕ್ಕೆ ಗೊತ್ತಿತ್ತು. ಜೆಸ್ಸಿಕಾ ತಲೆ ಎತ್ತಲಿಲ್ಲ.

ಪೊರ್ಬುಗಳು ಎದ್ದು ಬಂದು ಮಗಳ ಎದುರು ಮೊಣಕಾಲೂರಿ ಕೂತರು. ತೆಂಗಿನ ಹಾಲಿಗೆ ಕೈ ಅದ್ದಿ ಅವಳ ಹಣೆಗೆ ಶಿಲುಬೆ ಬರೆದರು. ಹಾಲು ಅವಳ ಕಣ್ಣಿಗೆ ಇಳಿಯಿತು. ಅವಳು ಅಪ್ಪನ ಕೈಯನ್ನು ಹಾಗೆಯೇ ಮುಖಕ್ಕೆ ಒತ್ತಿ ಹಿಡಿದುಕೊಂಡಳು.

"ಹೋಗು ಮಗಾ" ಎಂದರು. "ಬೆಟ್ಟಿ ಬಾಯಿಗೆ ಆ ಕೆಲಸ ಬೇಡ ಅಂತ ಫೋನು ಮಾಡಿದ್ದೇನೆ. ಓಡಿ ಬಾ ಅಂತ ನಾನು ಇನ್ನು ಹೇಳುದಿಲ್ಲ. ಅಲ್ಲಿ ಏನಾದರೂ ಆದರೆ ನಾನೇ ಬರ್ತೇನೆ, ಅಲ್ಲಿಗೆ."

ಮಗಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು. "ಡ್ಯಾಡಿ, ಅಲ್ಲಿ ಈಗ ಮೈನಸ್ ಇಪ್ಪತ್ತು ಡಿಗ್ರಿ."

"ಇರಲಿ" ಎಂದು ಪೊರ್ಬುಗಳು ಇನ್ನೊಂದು ಬೊಗಸೆ ರೋಸ್ ತುಂಬಿ ಮಗಳ ತಲೆಗೆ ಸುರಿದರು.